ಅತ್ತೆ ಮುಟ್ಟಿದರೆ ಬೀಳುವ ಸ್ವಿಚ್ಚು

ಉಳಿದವರ ಮನೆಗಳಲ್ಲಿ ದೇವರ ಜಗಲಿ ಇರುವ ಜಾಗದಲ್ಲಿ ನಮ್ಮ ಮನೆಯಲ್ಲಿ ಕರೆಂಟಿನ ಬೋರ್ಡು ಇತ್ತು. ಅದರ ಎಡಕ್ಕೆ ಬುದ್ಧನ ಚಿತ್ರ, ಬಲಕ್ಕೆ ನೀಲಿ ಕೋಟಿನ ಸಾಹೇಬರ ಫೋಟೋ. ನಡುವೆ ಮರದ ಹಲಗೆಯ ಮೇಲೆ ಒಂದು ಸಣ್ಣ ಕರಿ ಸ್ವಿಚ್ಚು, ಒಂದು ಅಗಲವಾದ ಬಿಳಿ ಸ್ವಿಚ್ಚು. ಬೇರೆಯವರು ಊದಿನಕಡ್ಡಿ ಹಚ್ಚಿ ಕೈಮುಗಿದರೆ ನಮ್ಮಪ್ಪ ತಿಂಗಳ ಮೊದಲ ಭಾನುವಾರ ಸ್ನಾನ ಮುಗಿಸಿ ಬಂದು ಬಿಳಿ ಸ್ವಿಚ್ಚಿನ ಮೂಲೆಯಲ್ಲಿದ್ದ ಗುಂಡಿಯನ್ನು ಒತ್ತುತ್ತಿದ್ದ. ಟಕ್ಕೆಂದು ಸ್ವಿಚ್ಚು ಕೆಳಗೆ ಬೀಳುತ್ತಿತ್ತು. ಫ್ಯಾನು ನಿಲ್ಲುತ್ತಿತ್ತು, ಟೀವಿ ಬಾಯಿ ಮುಚ್ಚುತ್ತಿತ್ತು, ಅಡುಗೆಮನೆಯಿಂದ ಅವ್ವನ ಬೈಗುಳ ಶುರುವಾಗುತ್ತಿತ್ತು. ಅಪ್ಪ ಮಾತ್ರ ನಮ್ಮೆಲ್ಲರ ಕಡೆ ತಿರುಗಿ ನಗುತ್ತಿದ್ದ. ಅಷ್ಟು ಖುಷಿ ಅವನ ಮುಖದಲ್ಲಿ ನಾನು ತರಗತಿಗೆ ಮೊದಲಿಗಳಾಗಿ ಬಂದಾಗಲೂ ಕಂಡಿರಲಿಲ್ಲ.

"ಬಿತ್ತು ನೋಡ್ರಿ. ಬೀಳ್ತದ ಅಂದ್ರ ಜೀವಂತ ಅದ ಅಂತ ಅರ್ಥ."

"ನನ್ನ ಮಿಕ್ಸರಿನ್ಯಾಗ ಶೇಂಗಾ ಅರ್ಧಾ ಉಳದಾವ. ಅದಕ್ಕೇನ್ ಅರ್ಥ ಹೇಳ್ತೀರಿ?" ಎಂದು ಅವ್ವ ಒಳಗಿನಿಂದ ಕೇಳುತ್ತಿದ್ದಳು.

ಅಪ್ಪ ಶಹಾಪುರದ ಒಂದು ಪ್ರಾಥಮಿಕ ಶಾಲೆಯ ಮಾಸ್ತರ. ಒಂದು ಮುಂಗಾರಿನ ಮೊದಲ ಮಳೆಗೆ ನಮ್ಮ ಓಣಿಯ ಎಮ್ಮೆಯೊಂದು ಕಂಬದ ತಂತಿಗೆ ಮೈ ತಿಕ್ಕಿ ಅಲ್ಲೇ ಸತ್ತುಬಿತ್ತು. ಅದನ್ನು ಕಂಡ ಮರುದಿನವೇ ಅಪ್ಪ ಯಾದಗಿರಿಗೆ ಬಸ್ಸು ಹತ್ತಿ, ಬಟ್ಟೆಯ ಚೀಲದಲ್ಲಿ ಕೂಸಿನಂತೆ ಅಪ್ಪಿಕೊಂಡು ಆ ಬಿಳಿ ಸ್ವಿಚ್ಚನ್ನು ತಂದಿದ್ದ. ನಮ್ಮ ಓಣಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಮನೆಗೆ ಯಾರು ಬಂದರೂ ಅವರಿಗೆ ಚಹಾಕ್ಕಿಂತ ಮೊದಲು ಆ ಎರಡು ಸ್ವಿಚ್ಚುಗಳ ಪಾಠವಾಗಬೇಕು. ಕರಿಯದು ವೈರುಗಳನ್ನು ಕಾಯುತ್ತದೆ. ಇಸ್ತ್ರಿ, ಮಿಕ್ಸರು, ನೀರು ಕಾಸುವ ಕಾಯಿಲು ಎಲ್ಲ ಒಟ್ಟಿಗೇ ಹಚ್ಚಿ ಭಾರ ಹೆಚ್ಚಾದರೆ, ಅಥವಾ ಎರಡು ವೈರುಗಳು ಒಂದಕ್ಕೊಂದು ತಗುಲಿದರೆ, ಗೋಡೆಯೊಳಗೆ ಬೆಂಕಿ ಹತ್ತುವ ಮೊದಲೇ ಅದು ಬೀಳುತ್ತದೆ. ಬಿಳಿಯದರ ಕೆಲಸ ಬೇರೆ. ಅದನ್ನು ಹೇಳುವಾಗ ಅಪ್ಪ ಎದ್ದು ನಿಲ್ಲುತ್ತಿದ್ದ.

"ಸಾಲಿ ಹುಡುಗರನ್ನ ಪಿಕ್‌ನಿಕ್ಕಿಗಿ ಕರಕೊಂಡ್ ಹೋಗ್ತೀನಲ್ಲ, ಹೋಗೂಮುಂದ ತಲಿ ಎಣಸ್ತೀನಿ, ಬರೂಮುಂದ ತಲಿ ಎಣಸ್ತೀನಿ. ಒಂದ್ ತಲಿ ಕಮ್ಮಿ ಬಿತ್ತಂದ್ರ ಬಸ್ ಬಿಡಾಂಗಿಲ್ಲ. ಇದೂ ಹಂಗ. ಒಂದ್ ವೈರಿನ್ಯಾಗ ಹೋದ ಕರೆಂಟ್ ಇನ್ನೊಂದ್ ವೈರಿನ್ಯಾಗ ಬರಾಬ್ಬರಿ ತಿರುಗಿ ಬರಬೇಕು. ಕಮ್ಮಿ ಬಂತಂದ್ರ ಯಾರದೋ ಮೈಯಾಗಿಂದ ನೆಲಕ್ಕ ಇಳದದಂತ ತಿಳೀತದ. ಕಣ್ಣ ಪಿಳಕಸೂದ್ರಾಗ ಬಂದ್!"

ಬಚ್ಚಲ ಹಿಂದೆ ಅವನು ಒಂದು ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಅಲ್ಲಿಂದ ಮನೆಯ ಪ್ರತಿಯೊಂದು ಮೂರು ತೂತಿನ ಪ್ಲಗ್ಗಿಗೂ ಹಸಿರು ವೈರು ಎಳೆಸಿದ್ದ. ಯಂತ್ರದ ಮೈಗೆ ಕರೆಂಟು ಸೋರಿದರೆ ಅದು ನಮ್ಮ ಮೈ ಹುಡುಕಿಕೊಂಡು ಬರದೆ ಹಸಿರು ವೈರಿನಲ್ಲಿ ನೆಲಕ್ಕೆ ಹೋಗುತ್ತದೆ, ಬಿಳಿ ಸ್ವಿಚ್ಚಿಗೆ ಕೂಡಲೇ ಸುದ್ದಿ ಮುಟ್ಟುತ್ತದೆ. ಇದನ್ನೆಲ್ಲ ನಾನು ಹನ್ನೆರಡರ ವಯಸ್ಸಿಗೇ ಗಿಣಿಯಂತೆ ಒಪ್ಪಿಸುತ್ತಿದ್ದೆ. ಅಪ್ಪ ನನಗೊಂದು ಹಳದಿ ಹಿಡಿಕೆಯ ಟೆಸ್ಟರ್ ಕೊಟ್ಟಿದ್ದ. ಜಡೆಯಲ್ಲಿ ಹೂ ಇಲ್ಲದಿದ್ದರೂ ನಡೆದೀತು, ಲಂಗದ ಕಿಸೆಯಲ್ಲಿ ಟೆಸ್ಟರ್ ಇಲ್ಲದೆ ನಾನು ಓಣಿಗೆ ಇಳಿಯುತ್ತಿರಲಿಲ್ಲ. ಅರ್ಧ ತುಂಬಿದ ಕೊಡ ತುಳುಕುತ್ತದೆ ಎನ್ನುತ್ತಾರಲ್ಲ, ಆ ಕೊಡ ನಾನೇ.

ಅಪ್ಪನ ಇನ್ನೊಂದು ಕಟ್ಟಳೆ ಚಪ್ಪಲಿಯದು. ನಮ್ಮ ಮನೆಯಲ್ಲಿ ಒಳಗೂ ರಬ್ಬರಿನ ಚಪ್ಪಲಿ ಮೆಟ್ಟಬೇಕು. ಪರಸಿ ಕಲ್ಲು ಹಾಸಿದ ನೆಲ, ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು, ಬರಿಗಾಲಲ್ಲಿ ಓಡಾಡಲು ಸ್ವರ್ಗ. ಆದರೂ ಹೊರಗಿನದು ಬಾಗಿಲಲ್ಲಿ ಬಿಟ್ಟು ಒಳಗಿನದು ಮೆಟ್ಟಿಕೊಂಡೇ ಬರಬೇಕು. ಮಾಸ್ತರನಿಗೆ ಸಾಹೇಬಗಿರಿ ಬಂದಿದೆ ಎಂದು ಓಣಿಯವರು ನಗುತ್ತಿದ್ದರು. ಕರೆಂಟಿನ ಭಯ ಅದಕ್ಕೆ ಅರ್ಧ ಕಾರಣ. ಇನ್ನರ್ಧವನ್ನು ಅಪ್ಪ ಒಮ್ಮೆ ಊಟ ಮಾಡುತ್ತ ಹೇಳಿದ್ದ. ಅವನ ಅಪ್ಪ ಗೌಡರ ಓಣಿ ಬಂದೊಡನೆ ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ದಾಟಬೇಕಿತ್ತಂತೆ. ಅಪ್ಪನ ಅಕ್ಕ ಭೀಮವ್ವ ಸಣ್ಣವಳಿದ್ದಾಗ ಆ ಮನೆಗೆ ಮಜ್ಜಿಗೆಗೆ ಹೋದರೆ, "ದೂರ ನಿಂದ್ರು" ಎಂದು ಹೇಳಿ, ಅವಳು ಮೆಟ್ಟಿಲ ಕೆಳಗೆ ಬೊಗಸೆ ಒಡ್ಡಿದರೆ ಮೇಲಿನಿಂದ ಹೊಯ್ಯುತ್ತಿದ್ದರಂತೆ. ಹೇಳಿ ಮುಗಿಸಿದ ಅಪ್ಪ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು, ನನ್ನ ಮನೆಯಲ್ಲಿ ನಾನು ಚಪ್ಪಲಿ ಮೆಟ್ಟಿಯೇ ಉಣ್ಣುತ್ತೇನೆ ಎಂದ. ನಾನು ಆ ಕತೆಯನ್ನು ಕೇಳಿದ್ದೆ. ಕೇಳಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ನನಗೆ ಹನ್ನೆರಡಾದ ವರ್ಷದ ಬೇಸಿಗೆಗೆ ಮನೆಗೆ ಒಂದು ಹಳೆಯ ಕೂಲರ್ ಬಂತು. ಯಾರೋ ಎರಡು ವರ್ಷ ಬಳಸಿ ಮಾರಿದ್ದು, ಕಬ್ಬಿಣದ ಮೈ, ಮೂರು ಬದಿಗೆ ಹುಲ್ಲಿನ ಹಾಸು, ಕೆಳಗೆ ನೀರಿನ ತೊಟ್ಟಿ. ಪ್ಲಗ್ಗು ಹಾಕಿ ಗುಂಡಿ ಒತ್ತಿದರೆ ಟಕ್, ಬಿಳಿ ಸ್ವಿಚ್ಚು ಬಿತ್ತು. ಮತ್ತೆ ಎತ್ತಿದರೆ ಮತ್ತೆ ಬಿತ್ತು. ಒಳಗೆಲ್ಲೋ ಸೋರುತ್ತಿದೆ, ವೈರಮನ್ ಬಂದು ನೋಡುವವರೆಗೆ ಯಾರೂ ಹಚ್ಚಬೇಡಿ ಎಂದು ಹೇಳಿ ಅಪ್ಪ ಸುರಪುರಕ್ಕೆ ಹತ್ತು ದಿನದ ತರಬೇತಿಗೆ ಹೋದ. ಹೋಗುವಾಗ, ತಾಯಿ ಮಗಳು ಇಬ್ಬರೇ ಇರುತ್ತೀರಿ ಎಂದು ಸಗರದ ಆಚೆಯ ಹಳ್ಳಿಯಲ್ಲಿದ್ದ ಭೀಮವ್ವತ್ತೆಗೆ ಬರಲು ಹೇಳಿಕಳಿಸಿದ. ವೈರಮನ್ ಇವತ್ತು ನಾಳೆ ಎನ್ನುತ್ತ ಬರಲಿಲ್ಲ. ಬಿಸಿಲೋ, ಕಾದ ಹಂಚು. ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂಲರಿನ ಕಡೆ ಸವತಿಯನ್ನು ನೋಡುವಂತೆ ನೋಡುತ್ತಿದ್ದಳು.

"ಗಾಳಿ ಮಿಶಿನ್ ತಂದು ಮನ್ಯಾಗ ಕೂಡಸಿ, ಗಾಳಿ ಬ್ಯಾಡ ಅಂದ್ರ ಇದೆಂಥಾ ಸಂಸಾರ!"

ಎರಡನೆಯ ದಿನ ಅವ್ವ ನೀರಿಗೆ ಹೋದಾಗ ನಾನು ಪ್ಲಗ್ಗು ಕಿತ್ತು ಟೆಸ್ಟರಿನಿಂದ ಬಿಚ್ಚಿದೆ. ಮೂರು ವೈರುಗಳಿದ್ದವು. ಕೆಂಪು, ಕಪ್ಪು ಎರಡು ಸಾಕು ಯಂತ್ರ ತಿರುಗಲು, ಅದು ನನಗೆ ಗೊತ್ತಿತ್ತು. ಸ್ವಿಚ್ಚು ಬೀಳುವುದು ಹಸಿರಿನಿಂದ, ಅದೂ ಗೊತ್ತಿತ್ತು. ಹಸಿರು ವೈರನ್ನು ತೆಗೆದು, ತುದಿಗೆ ಗಾಯದ ಪಟ್ಟಿ ಸುತ್ತಿ, ಒಳಗೆ ಮಡಚಿ ಪ್ಲಗ್ಗು ಮುಚ್ಚಿದೆ. ಕೂಲರ್ ತಿರುಗಿತು. ಒದ್ದೆ ಹುಲ್ಲಿನ ವಾಸನೆ ಮನೆ ತುಂಬಿತು. ಬಿಳಿ ಸ್ವಿಚ್ಚು ಸುಮ್ಮನಿತ್ತು. ಸುದ್ದಿ ಮುಟ್ಟಿಸುವವನ ನಾಲಿಗೆಯನ್ನೇ ಕತ್ತರಿಸಿ, ಎಲ್ಲ ಸುಖವಾಗಿದೆ ಎಂದುಕೊಂಡೆ. ಅವ್ವನಿಗೆ, ಒಳಗಿನ ಪಸೆ ಆರಿದೆ, ಈಗ ನಡೆಯುತ್ತದೆ ಎಂದು ಸುಳ್ಳು ಹೇಳಿದೆ. ಅವಳು ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿದವಳು ಹೆಚ್ಚು ಕೇಳಲಿಲ್ಲ.

ಅಂದು ಮಧ್ಯಾಹ್ನವೇ ಭೀಮವ್ವತ್ತೆ ಬಂದಳು. ಹತ್ತಿಯ ಹೊಲಗಳಲ್ಲಿ ಕಳೆ ಕಿತ್ತು ತಮ್ಮನನ್ನು ಓದಿಸಿದವಳು, ಎಲುಬು ಚರ್ಮದ ಎತ್ತರದ ಹೆಂಗಸು, ಬಾಯಿ ಮಾತ್ರ ಎಣ್ಣೆ ಹಾಕಿದ ಗಾಣ. ಅವಳಿಗೆಂದೇ ಅಪ್ಪ ತಂದಿಟ್ಟಿದ್ದ ಒಳಚಪ್ಪಲಿಯನ್ನು ಅವಳು ಎಂದೂ ಮೆಟ್ಟಲಿಲ್ಲ. ಬಾಗಿಲಲ್ಲಿ ಕಾಲು ತಾನಾಗಿ ಬರಿದಾಗುತ್ತಿತ್ತು. "ಮನಿ ಒಳಗ ಮೆಟ್ಟಿದ್ರ ನೆಲ ಬೈತದವ್ವ" ಎಂದು ಚಪ್ಪಲಿಗಳನ್ನು ತನ್ನ ಗಂಟಿನಲ್ಲಿ ಕಟ್ಟಿಡುತ್ತಿದ್ದಳು. ಅವಳನ್ನು ಕಂಡೊಡನೆ ನನ್ನ ತುಳುಕುವ ಕೊಡ ತುಳುಕಿತು.

"ಅತ್ತಿ, ಕೂಲರ್ ನಾನ ಸುದ್ದ ಮಾಡೀನಿ. ಪ್ಲಗ್ ಬಿಚ್ಚಿ ಒಂದ್ ವೈರ್ ತಗದೆ, ತಿರಗಾಕತ್ತು. ಅವ್ವಗ ಹೇಳಬ್ಯಾಡ."

"ನನ್ನವ್ವನ! ಗಂಡಸರ ಕೈಲಿ ಆಗಲಾರದ್ದು ನನ್ನ ಸೊಸಿ ಮಾಡ್ಯಾಳ" ಎಂದು ಅವಳು ನನ್ನ ಕೆನ್ನೆಗೆ ನೆಟಿಕೆ ಮುರಿದಳು.

ಮರುದಿನ ಬೆಳಿಗ್ಗೆ ಯಾರೂ ಹೇಳದೆ ಅವಳೇ ಕೊಡ ತಂದು ಕೂಲರಿಗೆ ನೀರು ಹೊಯ್ದಳು. ಒದ್ದೆ ಕೈ ಕಬ್ಬಿಣಕ್ಕೆ ತಗುಲಿದೊಡನೆ ಟಕ್, ಸ್ವಿಚ್ಚು ಬಿತ್ತು. ಅತ್ತೆ ಕೈ ಕೊಡವಿಕೊಂಡು, ಕಚ್ಚಿತು ಎಂದಳು. ಸ್ವಿಚ್ಚು ಎತ್ತಿ ನಾನು ಮುಟ್ಟಿದೆ, ಏನೂ ಆಗಲಿಲ್ಲ. ಅವ್ವ ಮುಟ್ಟಿದಳು, ಏನೂ ಆಗಲಿಲ್ಲ. ಸಂಜೆ ಅತ್ತೆಯ ಮೊಣಕೈ ತಾಗಿತು, ಮತ್ತೆ ಬಿತ್ತು. ನಮ್ಮ ಕಾಲಲ್ಲಿ ರಬ್ಬರಿತ್ತು, ಅವಳ ಕಾಲು ಒದ್ದೆ ಪರಸಿಯ ಮೇಲಿತ್ತು ಎಂಬ ಎರಡು ಹೆಜ್ಜೆಯ ಲೆಕ್ಕ ಅಪ್ಪನ ಪಾಠವನ್ನೆಲ್ಲ ಒಪ್ಪಿಸುತ್ತಿದ್ದ ನನಗೆ ಹೊಳೆಯಲಿಲ್ಲ. ನನಗೆ ಹೊಳೆದದ್ದು ಒಂದೇ: ಸ್ವಿಚ್ಚು ಬೀಳುವುದು ಅತ್ತೆಯಿಂದ. ಮೊದಲು ಅದು ತಮಾಷೆಯಾಗಿತ್ತು. ಅವಳೂ ನಕ್ಕಳು.

"ಈ ಮಿಶಿನ್ನಿಗಿ ನನ್ನ ಗುರುತ ಹತ್ತ್ಯಾದ ನೋಡವ್ವ. ಬೀಗತಿ ಬಂದ್ಲಂತ ನಮಸ್ಕಾರ ಮಾಡ್ತದ."

"ನೀ ಅದರ ಕಡಿ ಹೋಗಬ್ಯಾಡ ಅತ್ತಿ" ಎಂದೆ ನಾನು. ಎರಡು ದಿನ ಕಳೆಯುವಷ್ಟರಲ್ಲಿ ಅದು ಟೀವಿಯ ಕಡೆ ಹೋಗಬೇಡ, ಬೋರ್ಡಿನ ಕಡೆ ಹೋಗಬೇಡ ಎಂದಾಯಿತು. ಆ ಮನೆಯಲ್ಲಿ ಒಬ್ಬರಿಗೆ ಬೇಡವೆನ್ನುವ ಅಧಿಕಾರ ಬಂದದ್ದೇ ನನಗೆ ರುಚಿಸಿತ್ತೆಂದು ಈಗ ಅನ್ನಿಸುತ್ತದೆ.

ಐದನೆಯದೋ ಆರನೆಯದೋ ದಿನ ನನ್ನ ತರಗತಿಯ ಸುಜಾತಾ ಮನೆಗೆ ಬಂದಳು. ಕ್ಲಾರ್ಕ್ ಒಬ್ಬರ ಮಗಳು, ಊರ ನಡುವಿನ ಓಣಿಯವಳು. ಅವಳು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಕೂಲರಿನ ಆಸೆಗೆ ಬಂದಳೆಂದು ಗೊತ್ತಿದ್ದರೂ ನನಗೆ ಹಿಡಿಸಲಾರದಷ್ಟು ಸಂಭ್ರಮ. ಗಾಳಿಯ ಮುಂದೆ ಪರಸಿಯ ಮೇಲೆ ಬಳಪದಿಂದ ಮನೆ ಬರೆದು ಚೌಕಾಬಾರಾ ಆಡುತ್ತ ಕುಳಿತಿದ್ದೆವು. ಟೀವಿ ಹಚ್ಚಿದ್ದೆ. ಅವ್ವ ಕೊಟ್ಟ ಶರಬತ್ತನ್ನು ಸುಜಾತಾ ಕುಡಿದಿದ್ದಳು. ಅವಳು ಲೋಟ ಬಾಯಿಗೆ ಹಚ್ಚುವುದನ್ನು ನಾನು ಓರೆಗಣ್ಣಿನಿಂದ ಕಾದು ನೋಡಿದ್ದೆ. ಆಗ ಭೀಮವ್ವತ್ತೆ ಬಂದಳು. ಮಂಡಿಯವರೆಗೆ ಎತ್ತಿ ಕಟ್ಟಿದ ಸೀರೆ, ಬರಿಗಾಲು, ಕಂಕುಳಲ್ಲಿ ತುಳುಕುವ ಕೊಡ. ತೊಟ್ಟಿಯಲ್ಲಿ ನೀರು ಕಡಿಮೆಯಾದ ಸದ್ದು ಅವಳಿಗೆ ಅಂಗಳಕ್ಕೇ ಕೇಳಿಸಿತ್ತು. ಟೀವಿ ಆರುತ್ತದೆ, ಗಾಳಿ ನಿಲ್ಲುತ್ತದೆ, ಸುಜಾತಾ ಎದ್ದು ಹೋಗುತ್ತಾಳೆ ಎಂದು ನನ್ನ ಮೈ ಉರಿಯಿತು.

"ಮುಟ್ಟಬ್ಯಾಡ! ದೂರ ನಿಂದ್ರು!"

ಅತ್ತೆ ನಿಂತಳು. ಇನ್ನೊಂದು ಹೆಜ್ಜೆ ಇಡಲೆಂದು ಎತ್ತಿದ್ದ ಕಾಲನ್ನು ಹಿಂದಕ್ಕೆ ಇಟ್ಟಳು. ಕೊಡವನ್ನು ಅಲ್ಲೇ ಇಳಿಸಿ, ಸೀರೆ ಕೆಳಗೆ ಬಿಟ್ಟುಕೊಂಡು, ಬೆನ್ನು ತೋರಿಸದೆ ಹಿಂದಕ್ಕೇ ನಡೆದು ಹೊಸ್ತಿಲು ದಾಟಿದಳು. ಹಾಗೆ ಹಿಂದಕ್ಕೆ ನಡೆಯುವುದನ್ನು ಅವಳ ಕಾಲು ಎಂದೋ ಕಲಿತಿತ್ತು. ಸುಜಾತಾ ನಗುತ್ತಾಳೆಂದು ನಾನು ಅವಳ ಮುಖ ನೋಡಿದೆ. ಅವಳು ನಗಲಿಲ್ಲ. ತಲೆ ತಗ್ಗಿಸಿ ಕವಡೆ ಎಣಿಸುತ್ತಿದ್ದಳು. ಆ ಮಾತು ಅವಳಿಗೂ ಪರಿಚಯದ್ದಿರಬೇಕು, ಅವಳ ಮನೆಯಲ್ಲಿ ಬೇರೆ ಬಾಯಿಂದ ಕೇಳಿದ್ದಿರಬೇಕು. ಸ್ವಲ್ಪ ಹೊತ್ತಿಗೆ ತನ್ನ ಅವ್ವ ಕರೆಯುತ್ತಾಳೆ ಎಂದು ಹೇಳಿ ಹೋದಳು. ಮತ್ತೆ ಬರಲಿಲ್ಲ.

ಅಂದಿನಿಂದ ಅತ್ತೆ ಒಳಗೆ ಬರುವುದನ್ನು ಬಿಟ್ಟಳು. ಮೆಟ್ಟಿಲ ಬಳಿಯ ಬೇವಿನ ನೆರಳಲ್ಲಿ ಕೂತು ಜೋಳ ಹಸನು ಮಾಡುವುದು, ಅಲ್ಲೇ ಊಟ, ಅಲ್ಲೇ ಚಾಪೆ. ಒಳಗಿಂತ ಇಲ್ಲಿ ಹಾಯಾಗಿದೆ ಎಂದಳು, ಅವ್ವ ನಂಬಿದಳು. ಒಮ್ಮೆ ಅವ್ವ ಚೆಂಬಿನಲ್ಲಿ ನೀರು ಒಯ್ದಾಗ ಅತ್ತೆ ಚೆಂಬು ತೆಗೆದುಕೊಳ್ಳದೆ ಬೊಗಸೆ ಒಡ್ಡಿದಳು. ಅವ್ವ ನಕ್ಕು ಹೊಯ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಅರ್ಥವಾಯಿತು. ಹೊರಗೆ ಹೋಗಿ ಅವಳ ಕೈ ಹಿಡಿದು ಎಬ್ಬಿಸಬೇಕಿತ್ತು, ಹತ್ತು ಹೆಜ್ಜೆಯ ದೂರ. ಹೋಗಲಿಲ್ಲ. ಇನ್ನು ನಾಲ್ಕು ದಿನಕ್ಕೆ ಅವಳೇ ಊರಿಗೆ ಹೋಗುತ್ತಾಳೆ ಎಂದು ಸಮಾಧಾನ ಮಾಡಿಕೊಂಡೆ.

ಅಪ್ಪ ಹತ್ತನೆಯ ದಿನ ಮಧ್ಯಾಹ್ನದ ಬಸ್ಸಿಗೆ ಬಂದ. ಅಕ್ಕ ಮೆಟ್ಟಿಲ ಕೆಳಗೆ ಬೊಗಸೆಯಲ್ಲಿ ನೀರು ಕುಡಿಯುತ್ತಿರುವುದನ್ನು ಗೇಟಿನಿಂದಲೇ ಕಂಡ. ಕೈಚೀಲವನ್ನು ಅಂಗಳದಲ್ಲೇ ಬಿಟ್ಟ.

"ಇದೇನಕ್ಕಾ? ಚೆಂಬಿಲ್ಲೇನ್ ನನ್ನ ಮನ್ಯಾಗ?"

"ಅದಾವೋ ತಮ್ಮಾ. ನಾ ಮುಟ್ಟಿದ್ರ ನಿನ್ನ ಮನಿ ಕರೆಂಟ್ ಹೋಗ್ತದ, ಅದಕ್ಕ ದೂರ ಇದ್ದೀನಿ. ನಮಗೇನ್ ಇದು ಹೊಸದಲ್ಲ. ಆಗ ಗೌಡಸಾನಿ ಹೇಳ್ತಿದ್ದಳು, ಈಗ ಮಿಶಿನ್ ಹೇಳ್ತದ."

ಅವಳು ನನ್ನ ಹೆಸರು ಹೇಳಲಿಲ್ಲ. ಅವ್ವ ನಡೆದದ್ದನ್ನು ತನಗೆ ತಿಳಿದಷ್ಟು ಹೇಳಿದಳು. ಅಪ್ಪ ಒಳಗೆ ಬಂದು ಕೂಲರನ್ನು ನೋಡಿದ, ಬೋರ್ಡನ್ನು ನೋಡಿದ, ತನ್ನ ಕಾಲನ್ನು ನೋಡಿಕೊಂಡ. ನಿಧಾನಕ್ಕೆ ಚಪ್ಪಲಿ ಬಿಟ್ಟ. ನಮ್ಮ ಮನೆಯ ನೆಲದ ಮೇಲೆ ಅವನ ಬರಿಗಾಲು ನಾನು ಕಂಡದ್ದು ಅದೊಂದೇ ಸಲ. ಬಾಗಿಲ ಬಳಿಯ ಕೊಡದಲ್ಲಿ ಕೈ ಅದ್ದಿ, ಕಾಲ ಬುಡಕ್ಕೆ ನೀರು ಚೆಲ್ಲಿಕೊಂಡು, ಕರೆಂಟಿಗೆ ಮುದುಡಿದ ಬೆರಳು ಕಬ್ಬಿಣ ಹಿಡಿದುಕೊಳ್ಳದಿರಲೆಂದು ಅಂಗೈ ತಿರುಗಿಸಿ ಹಿಂಗೈಯಿಂದ ಕೂಲರನ್ನು ತಾಗಿದ. ಮೈ ಒಮ್ಮೆ ನಡುಗಿತು. ಟಕ್.

"ನೋಡಕ್ಕಾ, ನನಗೂ ಬಿತ್ತು! ನಾವೆಲ್ಲಾ ರಬ್ಬರ್ ಮ್ಯಾಲ ನಿಂತೀವಿ, ನೀ ಒಬ್ಬಾಕಿ ನೆಲದ ಮ್ಯಾಲ ನಿಂತೀದಿ. ಅದು ನಿನ್ನ ದೂರ ಮಾಡಿಲ್ಲ, ನಿನ್ನ ಜೀವ ಉಳಿಸ್ಯಾದ. ಬಿಳಿ ಸ್ವಿಚ್ ಇಲ್ಲದಿದ್ರ..." ಎಂದವನು ಪ್ಲಗ್ಗು ಕಿತ್ತು ಬಿಚ್ಚತೊಡಗಿದ.

ಗಾಯದ ಪಟ್ಟಿ ಸುತ್ತಿದ ಹಸಿರು ವೈರು ಹೊರಗೆ ಬಿತ್ತು. ಅಪ್ಪನ ಮುಖ ಕೆಂಡವಾಯಿತು.

"ಇದನ್ನ ಯಾರ್ ತಗದ್ರು?"

ಅತ್ತೆ ಹೊಸ್ತಿಲಾಚೆ ನಿಂತು ನನ್ನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಕಾಯುತ್ತ. ನಾನೇ ಹೇಳಲಿ ಎಂದು ಅವಳು ಎಷ್ಟು ಹೊತ್ತು ಕಾದಳೆಂದರೆ ಅವ್ವ ಅವಳ ಮುಖವನ್ನೂ ನನ್ನ ಮುಖವನ್ನೂ ನೋಡತೊಡಗಿದಳು. ನನ್ನ ಕೈ ಲಂಗದ ಕಿಸೆಯ ಟೆಸ್ಟರನ್ನು ಹಿಡಿದುಕೊಂಡಿತ್ತು.

"ಬಿಡೋ ತಮ್ಮಾ, ಯಾರರ ತಗದಿರ್ಲಿ" ಎಂದಳು ಅತ್ತೆ ಕೊನೆಗೆ.

"ಅಂವಾ ಮಾರಿದಾಂವ ಮಾಡ್ಯಾನ, ಹಲ್ಕಟ್! ಮಂದಿ ಜೀವದ್ ಖಬರ್ ಇಲ್ಲ ಅಂವಗ."

ಅಪ್ಪ ಬೈದ. ಹಚ್ಚಿದ ಮೊದಲ ದಿನವೇ ಸ್ವಿಚ್ಚು ಬಿದ್ದಿತ್ತೆಂದರೆ ಹಸಿರು ವೈರು ಆಗ ಇತ್ತು ಎಂಬುದು ಅವನಂಥವನಿಗೆ ಹೊಳೆಯದೆ ಇರುತ್ತದೆಯೇ? ಹೊಳೆದಿರಬೇಕು. ಆಮೇಲೆ ಎಂದೂ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ, ವರ್ಷಗಳ ಮೇಲೆ ಅವನು ತೀರಿಹೋದ. ಪ್ಲಗ್ಗು ಬಿಚ್ಚಿದ ಮರುದಿನ ಅಪ್ಪ ತಾನೇ ಹೋಗಿ ವೈರಮನ್ನನನ್ನು ಕರೆತಂದ. ನೀರೆತ್ತುವ ಸಣ್ಣ ಮೋಟರಿನ ವೈರು ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸುಲಿದಿತ್ತು. ಅದನ್ನು ಬದಲಿಸಿ, ಹಸಿರನ್ನು ಮತ್ತೆ ಜೋಡಿಸಿ, ಅಪ್ಪ ಮೊದಲು ತಾನು ಬರಿಗೈಯಿಂದ ತಡವಿ ನೋಡಿ, ಆಮೇಲೆ ಅಕ್ಕನನ್ನು ಕರೆದ. ಅತ್ತೆ ಬಂದು ಒಂದು ಬೆರಳು ಹಚ್ಚಿದಳು. ಆಮೇಲೆ ಇಡೀ ಅಂಗೈ ಇಟ್ಟಳು. ಕೂಲರ್ ತಿರುಗುತ್ತಲೇ ಇತ್ತು.

"ಹಂಗಾರ ನಾ ಅಲ್ಲ" ಎಂದಳು. ಇಷ್ಟು ದಿನ ಅವಳು ಅದನ್ನು ನಿಜವೆಂದೇ ನಂಬಿದ್ದಳು ಎಂಬುದು ನನಗೆ ಗೊತ್ತಾದದ್ದು ಆಗ.

ಈಗ ನಾನು ವಡಗೇರಾದಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರ್. ಪ್ರತಿ ವರ್ಷ ಹತ್ತನೆಯವರಿಗೆ ವಿದ್ಯುತ್ತಿನ ಪಾಠ ಮಾಡುವಾಗ ಅಪ್ಪನ ಪಿಕ್‌ನಿಕ್ಕಿನ ತಲೆ ಎಣಿಕೆಯನ್ನು ಹೇಳುತ್ತೇನೆ, ಮಕ್ಕಳು ನಗುತ್ತಾರೆ. ಹಸಿರು ವೈರನ್ನು ಎಂದಿಗೂ ತೆಗೆಯಬೇಡಿ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತೇನೆ. ಏಕೆಂದು ಹೇಳುವಾಗ ಪುಸ್ತಕದಲ್ಲಿದ್ದಷ್ಟನ್ನು ಹೇಳುತ್ತೇನೆ. ಮನೆಯಲ್ಲಿ ಬಿಳಿ ಸ್ವಿಚ್ಚು ಇದೆ. ತಿಂಗಳ ಮೊದಲ ಭಾನುವಾರ ಗುಂಡಿ ಒತ್ತುತ್ತೇನೆ.

ಭೀಮವ್ವತ್ತೆ ಇದ್ದಾಳೆ. ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. ಆ ಬೇಸಿಗೆಯ ನಂತರ ಅವಳು ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ, ಒಳಗೆ ಕೂತೇ ಉಂಡಳು, ಚೆಂಬಿನಲ್ಲೇ ಕುಡಿದಳು, ನನ್ನ ಮದುವೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿದಳು. ಒಂದು ಮಾತ್ರ ಉಳಿಯಿತು. ದೀಪದ ಸ್ವಿಚ್ಚಾಗಲಿ, ಫ್ಯಾನಾಗಲಿ, ಕರೆಂಟಿನ ಯಾವ ವಸ್ತುವನ್ನಾದರೂ ಮುಟ್ಟುವ ಮೊದಲು ಅವಳು ಕೈ ತಡೆದು ಕೇಳುತ್ತಾಳೆ. ಬೇರೆಯವರ ಮನೆಗಳಲ್ಲಿ ಕೇಳುವುದಿಲ್ಲ. ನಾನಿದ್ದ ಕಡೆ ಕೇಳುತ್ತಾಳೆ.

ಹೋದ ಬೇಸಿಗೆ ನನ್ನ ಮನೆಗೆ ಬಂದಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವಳು ಪಡಸಾಲೆಯಲ್ಲಿ ಬೆವರೊರೆಸಿಕೊಂಡು ಎದ್ದು, ಗೋಡೆಯ ಕಡೆ ಕೈ ಚಾಚಿ, ನಿಲ್ಲಿಸಿದಳು.

"ಫ್ಯಾನ್ ಹಚ್ಕೋತೀನವ್ವ. ಮುಟ್ಟಲೇನ?"

ಇನ್ನು ತಡೆಯಲಾಗಲಿಲ್ಲ.

"ಅತ್ತಿ, ಆವತ್ತ ಹಸರ ವೈರ್ ತಗದಾಕಿ ನಾನು."

"ನೀನ ಹೇಳಿದ್ದಿಯಲ್ಲವ್ವ ನನಗ, ಬಂದ ದಿನಾನ. ಹೊಟ್ಟಿಗಿ ಹಾಕ್ಕೊಂಡೀನಿ. ಸಣ್ಣಾಕಿ ಇದ್ದಿ, ಗಾಳಿ ಬೇಕಿತ್ತು, ತಗದಿ. ವೈರಿಂದು ನಾ ಆವತ್ತ ಬಿಟ್ಟೀನಿ."

ಸುಜಾತಾಳ ಮುಂದೆ ನಾನಂದ ಇನ್ನೊಂದು ಮಾತಿನ ಬಗ್ಗೆ ಅವಳು ಏನೂ ಹೇಳಲಿಲ್ಲ. ಅದನ್ನೂ ಬಿಟ್ಟೆಯಾ ಎಂದು ಕೇಳುವ ಮುಖ ನನಗಿರಲಿಲ್ಲ. ಅವಳು ಹಾಗೇ ನಿಂತಿದ್ದಳು, ಬರಿಗಾಲಲ್ಲಿ, ಸ್ವಿಚ್ಚಿಗೆ ಒಂದು ಗೇಣು ದೂರದಲ್ಲಿ ಕೈ ಹಿಡಿದು, ನನ್ನನ್ನೇ ನೋಡುತ್ತ. ನಾನಿನ್ನೂ ಹೂಂ ಅಂದಿರಲಿಲ್ಲ.